ಹಳೆಯ ಹಣದವರೂ ಅವರ ಹಬ್ಬದ ಮರ್ಯಾದೆಯೂ



ಕಳೆದ ತಿಂಗಳ ಕೊನೆಯ ಆದಿತ್ಯವಾರ ಆರಾಧನೆ ತೀರಿದ ತರುವಾಯ ನಮ್ಮ ಸಭೆಯ ಒಬ್ಬ ಯೌವನಸ್ಥನು ದೇವಾಲಯದ ಬಾಗಲಲ್ಲಿ ನನಗಾಗಿ ಕಾದುಕೊಂಡಿದ್ದನು. ಅವನು ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರುಷ ತುಂಬಿಲ್ಲ. ಹೊಸ ವರುಷದ ದಿವಸ ಮಧ್ಯಾಹ್ನದ ಊಟಕ್ಕೆ ತನ್ನ ಮನೆಗೆ ಬರಬೇಕೆಂದು ಅವನ ಮೇಲಧಿಕಾರಿಯು ಕರೆದಿದ್ದಾರಂತೆ. ಸಂತೋಷದ ಸಂಗತಿಯೇ ಸರಿ. ಆದರೆ ಹುಡುಗನ ಮುಖದಲ್ಲಿ ಸಂತೋಷವಿರಲಿಲ್ಲ. ಅವನು ತನ್ನ ಮೊಬೈಲನ್ನು ತೆಗೆದು ಕೆಲವು ಚಿತ್ರಗಳನ್ನು ತೋರಿಸಿದನು. ಅವುಗಳಲ್ಲಿ ಮರಳಿನ ಬಣ್ಣದ ಕೋಟು ಹಾಕಿದ ಗಂಡಸರೂ ಮುತ್ತಿನ ಸರ ಧರಿಸಿದ ಹೆಂಗಸರೂ ದೊಡ್ಡದೊಂದು ಕ್ರಿಸ್ಮಸ್ ಮರದ ಬಳಿಯಲ್ಲಿ ಯಾವ ಆತುರವೂ ಇಲ್ಲದೆ ನಿಂತಿದ್ದರು. ಇದಕ್ಕೆ ‘ಓಲ್ಡ್ ಮನಿ’ ಎಂದು ಹೆಸರಂತೆ, ಅಂದರೆ ಹಳೆಯ ಹಣ. ಅಂಥಾ ಕೋಟನ್ನು ಹೊಲಿಸಿಕೊಳ್ಳುವದಕ್ಕೋಸ್ಕರ ಅವನು ಎಂಟು ಸಾವಿರ ರೂಪಾಯಿ ಬಡ್ಡಿಗೆ ತಕ್ಕೊಂಡು ಬಟ್ಟೆಯನ್ನು ಕೊಂಡುತಂದಿದ್ದನು. “ಉಪದೇಶಿಯವರೇ, ಕೋಟೇನೋ ಆದೀತು. ಆದರೆ ಇವರ ಹಾಗೆ ಅಂಜದೆ ಕೂತುಕೊಳ್ಳುವದು ಹ್ಯಾಗೆ?” ಎಂದು ಕೇಳಿದನು.

ಆ ಕ್ಷಣದಲ್ಲಿ ಉತ್ತರ ಕೊಡುವದು ನನ್ನಿಂದಾಗಲಿಲ್ಲ. ಓದಿ ತಿಳುಕೊಂಡು ಹೇಳುವೆನೆಂದೆನು. ಆ ಓದಿನ ಫಲವೇ ಈ ಪಾಠ. ಇಂಥಾ ಮಕ್ಕಳು ನಮ್ಮ ಎಲ್ಲಾ ಸಭೆಗಳಲ್ಲಿಯೂ ಇರುವದರಿಂದ ಇದನ್ನು ಅವನಿಗೆ ಮಾತ್ರ ಹೇಳದೆ ಇಲ್ಲಿ ಬರೆದಿದ್ದೇನೆ.

ಹಳೆಯ ಹಣವೆಂದರೆ ಅಜ್ಜನೋ ಮುತ್ತಜ್ಜನೋ ಸಂಪಾದಿಸಿಟ್ಟು, ಮೊಮ್ಮಕ್ಕಳು ಹುಟ್ಟಿದಂದಿನಿಂದಲೇ ಅನುಭವಿಸುವ ಐಶ್ವರ್ಯ. ತಾನೇ ಗಳಿಸಿದವನದು ಹೊಸ ಹಣ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುವನೆಂದು ನಮ್ಮ ಹಿರಿಯರು ಅನ್ನುವರಷ್ಟೆ. ಹಳೆಯ ಹಣದವರು ಹೊಸ ಹಣದವರನ್ನು ಕಂಡು ನಕ್ಕದ್ದೂ ಈ ಅರ್ಥದಲ್ಲಿಯೇ. ಈ ಭೇದವು ಅಮೇರಿಕಾ ದೇಶದಲ್ಲಿ ಬಹಳ ಬಲವಾಗಿ ಬೇರೂರಿತು. ಅಲ್ಲಿ ರಾಜನೂ ಇಲ್ಲ, ಪ್ರಭುಗಳ ಬಿರುದುಗಳೂ ಇಲ್ಲ. ಆದಕಾರಣ ಮೇಲು ಕೀಳೆಂಬದನ್ನು ತೋರಿಸುವದಕ್ಕೆ ನಡೆ, ನುಡಿ, ಉಡುಪು, ಊಟದ ರೀತಿ ಇವುಗಳೇ ಬಿರುದುಗಳಾದವು.

ಅವರಲ್ಲಿ ಬಾಸ್ಟನ್ ಪಟ್ಟಣದ ಮನೆತನಗಳು ಮೊದಲನೆಯ ಸಾಲಿನವು. ಇವರಿಗೆ ಸಿಕ್ಕಿದ ಹೆಸರನ್ನು ಕೇಳಿದರೆ ನಮ್ಮವರು ಬೆರಗಾಗುವರು. ವೈದ್ಯನೂ ಗ್ರಂಥಕರ್ತನೂ ಆದ ಆಲಿವರ್ ವೆಂಡೆಲ್ ಹೋಮ್ಸ್ ಎಂಬಾತನು 1860ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಬರೆಯುತ್ತಾ ಇವರನ್ನು ಆ ಸೀಮೆಯ ‘ಬ್ರಾಹ್ಮಣ ಜಾತಿ’ ಎಂದು ಕರೆದನು. ತಲೆಮಾರುಗಳಿಂದ ವಿದ್ಯೆಯಲ್ಲಿ ಬೆಳೆದ ಕುಟುಂಬಗಳೆಂಬದು ಅವನ ಅಭಿಪ್ರಾಯವಾಗಿತ್ತು. ಜನರಾದರೋ ಆ ಮಾತನ್ನು ಐಶ್ವರ್ಯವಂತರಿಗೆ ಅಂಟಿಸಿಬಿಟ್ಟರು. ಹೀಗೆ ನಮ್ಮ ದೇಶದ ಜಾತಿಯ ಹೆಸರು ಕಡಲು ದಾಟಿ, ಜಾತಿಯೇ ಇಲ್ಲವೆಂದು ಹೇಳಿಕೊಳ್ಳುವ ದೇಶದಲ್ಲಿ ನೆಲೆಸಿತು. ನಮ್ಮ ಅಜ್ಜಂದಿರಲ್ಲಿ ಅನೇಕರು ಆ ಹೆಸರಿನ ಭಾರವನ್ನು ಬಾವಿಕಟ್ಟೆಯ ಹತ್ತಿರ ಅನುಭವಿಸಿ ತಿಳಿದವರು. ಗೆರೆ ಎಳೆಯುವದಕ್ಕೆ ಜಾತಿಯೇ ಬೇಕೆಂದಿಲ್ಲ, ಮುಳ್ಳುಚಮಚವೂ ಸಾಕೆಂಬದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಈ ಹಣವು ಎಲ್ಲಿಂದ ಬಂತು? ಹೆಚ್ಚಾಗಿ ಹಡಗಿನ ವ್ಯಾಪಾರದಿಂದ. ಫ್ರೆಡರಿಕ್ ಟ್ಯೂಡರ್ ಎಂಬವನು ಚಳಿಗಾಲದಲ್ಲಿ ಅಲ್ಲಿಯ ಕೆರೆಗಳ ಮೇಲೆ ಹೆಪ್ಪುಗಟ್ಟುವ ನೀರನ್ನು ಗಡ್ಡೆಗಡ್ಡೆಯಾಗಿ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಮುಚ್ಚಿಸಿ, 1833ರಲ್ಲಿ ಕಲ್ಕತ್ತೆಗೆ ಕಳುಹಿಸಿದನು. ಹೊರಟದ್ದು ಸುಮಾರು 180 ಟನ್ನು. ನಾಲ್ಕು ತಿಂಗಳ ಪ್ರಯಾಣದಲ್ಲಿ ಕರಗಿ ಉಳಿದು ತಲುಪಿದ್ದು ಸುಮಾರು 100 ಟನ್ನು. ಮದ್ರಾಸಿನ ಕಡಲತೀರದಲ್ಲಿ 1842ರ ಸುಮಾರಿಗೆ ಅದೇ ವ್ಯಾಪಾರಕ್ಕಾಗಿ ಕಟ್ಟಿದ ಮಂಜುಗಡ್ಡೆಯ ಉಗ್ರಾಣವು ಇಂದಿಗೂ ನಿಂತಿದೆ; ಈಗ ಅದಕ್ಕೆ ವಿವೇಕಾನಂದರ ಹೆಸರಿದೆ. ನೀರನ್ನು ಮಾರಿ ಹಣ ಮಾಡಿದ್ದು ನಿರಪರಾಧದ ಕೆಲಸ. ಆದರೆ ಅದೇ ಪಟ್ಟಣದ ಥಾಮಸ್ ಪರ್ಕಿನ್ಸ್ ಮೊದಲಾದ ದೊಡ್ಡ ವರ್ತಕರು ತುರ್ಕಸ್ಥಾನದ ಅಫೀಮನ್ನು ಚೀನಾ ದೇಶಕ್ಕೆ ಸಾಗಿಸಿಯೂ ಹಣ ಮಾಡಿದರು. ಅದೇ ಪರ್ಕಿನ್ಸನು ತನ್ನ ದೊಡ್ಡ ಮನೆಯನ್ನು 1833ರಲ್ಲಿ ಕುರುಡ ಮಕ್ಕಳ ಶಾಲೆಗೆ ಬಿಟ್ಟುಕೊಟ್ಟನು. ಆ ಶಾಲೆಯು ಈಗಲೂ ಅವನ ಹೆಸರಿನಲ್ಲಿ ನಡೆಯುತ್ತದೆ. ಎರಡೂ ಸತ್ಯ. ಹಣವು ಹಳೆಯದಾಗುವದೆಂದರೆ ಹೆಚ್ಚಾಗಿ ಅದು ಬಂದ ದಾರಿಯನ್ನು ಜನರು ಮರೆಯುವದೇ ಎಂದು ನನಗೆ ತೋರುತ್ತದೆ.

ಇನ್ನು ಅವರ ಹಬ್ಬವನ್ನು ನೋಡೋಣ. ಆ ಚಿತ್ರಗಳನ್ನು ಕಂಡವರು ಇದೆಲ್ಲಾ ಅನಾದಿಯಿಂದ ಬಂದ ಪದ್ಧತಿಯೆಂದು ನೆನಸಬಹುದು. ನಿಜ ಸಂಗತಿ ಹಾಗಿಲ್ಲ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ಕ್ರಿಸ್ಮಸ್ ಆಚರಿಸುವದೇ ಅಪರಾಧವಾಗಿತ್ತು! ಅಲ್ಲಿಯ ಪ್ಯೂರಿಟನ್ನರು ಈ ಹಬ್ಬಕ್ಕೆ ವೇದದಲ್ಲಿ ಆಧಾರವಿಲ್ಲವೆಂದೂ ಅದರ ನೆವದಿಂದ ಕುಡಿತವೂ ಜೂಜೂ ನಡೆಯುವವೆಂದೂ ಹೇಳಿ, 1659ರಲ್ಲಿ ಶಾಸನಮಾಡಿ, ಆಚರಿಸಿದವನಿಗೆ ಐದು ಶಿಲಿಂಗ್ ದಂಡ ವಿಧಿಸಿದರು. ಆ ಶಾಸನವು 1681ರಲ್ಲಿ ರದ್ದಾಯಿತು. ಆದರೂ ಅಲ್ಲಿ ಕ್ರಿಸ್ಮಸ್ಸು ಸರಕಾರದ ರಜಾದಿನವಾದದ್ದು 1856ರಲ್ಲಿ ಮಾತ್ರ. ಕ್ರಿಸ್ಮಸ್ ಮರದ ಕಥೆಯು ಇನ್ನೂ ಸ್ವಾರಸ್ಯವಾದದ್ದು. ಅದು ಜರ್ಮನರ ಪದ್ಧತಿ. ವಿಕ್ಟೋರಿಯಾ ರಾಣಿಯೂ ಆಕೆಯ ಗಂಡನೂ ಮಕ್ಕಳೂ ಮರದ ಸುತ್ತಲೂ ನಿಂತಿರುವ ಚಿತ್ರವು 1848ರಲ್ಲಿ ಲಂಡನಿನ ಒಂದು ಪತ್ರಿಕೆಯಲ್ಲಿ ಬಂತು. ಎರಡು ವರುಷಗಳ ತರುವಾಯ ಅಮೇರಿಕಾದ ಒಂದು ಸ್ತ್ರೀಯರ ಪತ್ರಿಕೆಯು ಅದೇ ಚಿತ್ರವನ್ನು ತಕ್ಕೊಂಡು, ರಾಣಿಯ ತಲೆಯ ಕಿರೀಟವನ್ನೂ ಗಂಡನ ಮೀಸೆಯನ್ನೂ ಅಳಿಸಿ, ಅಮೇರಿಕಾದ ಒಂದು ಸಭ್ಯ ಕುಟುಂಬವೆಂಬಂತೆ ಅಚ್ಚುಹಾಕಿತು. ಅದನ್ನು ನೋಡಿ ಮನೆಮನೆಗಳಲ್ಲಿ ಮರಗಳು ಎದ್ದವು. ಅಂದರೆ ಈಗ ನಮ್ಮ ಹುಡುಗನು ಮೊಬೈಲಿನ ಚಿತ್ರವನ್ನು ನೋಡಿ ಮಾಡಿದ್ದನ್ನೇ ಅವರ ಮುತ್ತಜ್ಜಿಯರೂ ಮಾಡಿದರು.

ಆದಾಗ್ಯೂ ಈ ಜನರಲ್ಲಿ ಕಲಿಯತಕ್ಕದ್ದು ಏನೂ ಇಲ್ಲವೆಂದು ಹೇಳಿದರೆ ನಾನು ಅನ್ಯಾಯ ಮಾಡಿದಂತಾಗುವದು. ಬಾಸ್ಟನ್ನಿನ ಹಳೆಯ ಮನೆತನಗಳ ಮಿತವ್ಯಯವು ಗಾದೆಯಂತೆ ಪ್ರಸಿದ್ಧವಾಗಿತ್ತು. ಅಲ್ಲಿಯ ಒಬ್ಬ ದೊರೆಸಾನಿಯನ್ನು, ನೀವು ಟೋಪಿಗಳನ್ನು ಎಲ್ಲಿ ಕೊಂಡುಕೊಳ್ಳುವಿರಿ ಎಂದು ಯಾರೋ ಕೇಳಲು, ಕೊಂಡುಕೊಳ್ಳುವದೇಕೆ, ಟೋಪಿಗಳು ನಮ್ಮಲ್ಲಿ ಇದ್ದೇ ಇವೆಯಲ್ಲಾ ಎಂಬ ಅರ್ಥದಲ್ಲಿ ಉತ್ತರ ಕೊಟ್ಟಳೆಂದು ಒಂದು ನಗೆಯ ಕಥೆಯನ್ನು ಹೇಳುವರು. ತಂದೆಯ ಕೋಟಿಗೆ ಮೊಣಕೈಯಲ್ಲಿ ತೇಪೆ ಹಾಕಿ ಮಗನು ತೊಡುವದು, ಬೂಟಿಗೆ ಹೊಸ ಅಟ್ಟೆ ಹಾಕಿಸಿ ಮತ್ತೆ ಹತ್ತು ವರುಷ ಮೆಟ್ಟುವದು, ಇವು ಅವರಲ್ಲಿ ನಾಚಿಕೆಯ ಸಂಗತಿಗಳಾಗಿರಲಿಲ್ಲ. ಹುಡುಗನು ನೋಡಿದ ಚಿತ್ರಗಳಲ್ಲಿ ಮಾರಾಟಕ್ಕಿಟ್ಟದ್ದು ಹೊಚ್ಚ ಹೊಸ ಕೋಟು. ಹಳೆಯ ಹಣದವರ ಹಾಗೆ ಕಾಣಬೇಕೆಂದು ಸಾಲದಿಂದ ಹೊಸ ಕೋಟು ಕೊಳ್ಳುವದನ್ನು ಅವರು ಕಂಡರೆ ಏನನ್ನುವರೆಂದು ನೀವೇ ಊಹಿಸಿಕೊಳ್ಳಿರಿ.

ಅದೇ ಪಟ್ಟಣದ ಬೀಕನ್ ಹಿಲ್ ಎಂಬ ಗುಡ್ಡದ ಮೇಲಿನ ಮನೆಗಳಲ್ಲಿ 20ನೆಯ ಶತಮಾನದ ಆರಂಭದಲ್ಲಿ ಒಂದು ಒಳ್ಳೇ ಪದ್ಧತಿಯು ಬೆಳೆಯಿತು. ಕ್ರಿಸ್ಮಸ್ ಹಿಂದಿನ ರಾತ್ರಿ ಅವರು ಬೀದಿಯ ಕಡೆಯ ಕಿಟಕಿಗಳಲ್ಲಿ ಮೇಣದಬತ್ತಿಗಳನ್ನು ಹಚ್ಚಿಟ್ಟು, ಪರದೆಗಳನ್ನು ಸರಿಸಿಬಿಡುತ್ತಿದ್ದರು. ಹಾಡುವವರು ಮನೆಯಿಂದ ಮನೆಗೆ ಹೋಗುತ್ತಿದ್ದರು. ನೋಡಬೇಕೆಂದವರು ಯಾರಾದರೂ ಬೀದಿಯಲ್ಲಿ ನಿಂತು ನೋಡಬಹುದಾಗಿತ್ತು. ವರುಷವೆಲ್ಲಾ ಮುಚ್ಚಿದ ಪರದೆಯು ಒಂದು ರಾತ್ರಿ ತೆರೆದದ್ದು ಹೆಚ್ಚೋ ಕಡಿಮೆಯೋ, ಅದನ್ನು ನಾನು ಅಳೆಯಲಾರೆನು.

ಹೊಸ ವರುಷದ ದಿವಸದ ಪದ್ಧತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು, ಯಾಕಂದರೆ ನಮ್ಮ ಹುಡುಗನಿಗೆ ಕರೆ ಬಂದದ್ದು ಆ ದಿವಸಕ್ಕೇ. ನ್ಯೂಯಾರ್ಕ್ ಪಟ್ಟಣದಲ್ಲಿ ಹಿಂದೆ ನೆಲೆಸಿದ್ದ ಡಚ್ಚರಿಂದ ಬಂದ ವಾಡಿಕೆಯ ಪ್ರಕಾರ, ಜನವರಿ 1ರಂದು ಮನೆಯ ಹೆಂಗಸರು ಮೇಜಿನ ಮೇಲೆ ತಿಂಡಿ ಪಾನೀಯಗಳನ್ನಿಟ್ಟು ಮನೆಯಲ್ಲಿಯೇ ಇರುವರು. ಗಂಡಸರು ಪರಿಚಿತರ ಮನೆಮನೆಗೂ ಹೋಗಿ, ಶುಭ ಕೋರಿ, ಸ್ವಲ್ಪ ತಿಂದು, ತಮ್ಮ ಹೆಸರನ್ನು ಅಚ್ಚುಹಾಕಿಸಿದ ಚೀಟಿಯನ್ನು ಬಿಟ್ಟುಬರುವರು. ಮೊದಮೊದಲು ಇದು ಪ್ರೀತಿಯ ಕೆಲಸವಾಗಿತ್ತು: ಹಿಂದಿನ ವರುಷದ ಮನಸ್ತಾಪವಿದ್ದರೂ ಆ ದಿವಸ ಬಾಗಲು ತಟ್ಟಿ ಒಳಗೆ ಹೋಗಬಹುದಾಗಿತ್ತು. ಪಟ್ಟಣವು ಬೆಳೆದಂತೆ ಒಂದೇ ದಿವಸದಲ್ಲಿ ಹೆಚ್ಚು ಮನೆಗಳನ್ನು ಮುಗಿಸುವದೇ ದೊಡ್ಡಸ್ತಿಕೆಯಾಯಿತು. ಪ್ರತಿ ಮನೆಯಲ್ಲಿ ಒಂದೊಂದು ಲೋಟ ಕುಡಿದು ಸಂಜೆಯ ವೇಳೆಗೆ ತೂರಾಡುವವರೂ ಇದ್ದರು. ಕೊನೆಗೆ ಮನೆಯವರು ಬಾಗಲಿಗೆ ಒಂದು ಬುಟ್ಟಿಯನ್ನು ತೂಗಹಾಕಿ ತಾವು ಬೇರೆ ಕಡೆಗೆ ಹೋಗುವದೂ, ಬಂದವರು ಚೀಟಿಯನ್ನು ಅದರಲ್ಲಿ ಹಾಕಿ ಮುಂದೆ ನಡೆಯುವದೂ ಆರಂಭವಾಗಿ, 19ನೆಯ ಶತಮಾನವು ಮುಗಿಯುವದರೊಳಗೆ ಆ ವಾಡಿಕೆಯು ಕ್ಷೀಣಿಸಿತು. ಮರ್ಯಾದೆಯ ಸಿಪ್ಪೆ ಉಳಿದು ತಿರುಳು ಹೋಗುವದು ಹೀಗೆಯೇ.

ಊಟದ ಮೇಜಿನ ವಿಷಯಕ್ಕೆ ಬರೋಣ, ಹುಡುಗನ ಭಯವು ಮುಖ್ಯವಾಗಿ ಅಲ್ಲಿಯೇ ಅಲ್ಲವೇ? ಎಮಿಲಿ ಪೋಸ್ಟ್ ಎಂಬಾಕೆಯು 1922ರಲ್ಲಿ ಅಮೇರಿಕಾದಲ್ಲಿ ಶಿಷ್ಟಾಚಾರದ ದೊಡ್ಡ ಗ್ರಂಥವನ್ನು ಪ್ರಕಟಿಸಿದಳು. ಆಕೆಯು ಸಿರಿವಂತರ ನಡುವೆ ಬೆಳೆದವಳೇ. ಮದುವೆಯು ಮುರಿದಮೇಲೆ ಲೇಖನಿಯಿಂದ ಸಂಪಾದಿಸಿ ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಮೊದಲನೆಯ ಮುದ್ರಣದಲ್ಲಿ ಅನೇಕ ಆಳುಗಳಿರುವ ಮನೆಗಳ ಮಾತೇ ಹೆಚ್ಚು. ಆದರೆ ಒಬ್ಬ ಆಳೂ ಇಲ್ಲದ ಮನೆಗಳ ಹೆಂಗಸರು ಓದತೊಡಗಿದ್ದರಿಂದ, 1927ರ ಮುದ್ರಣದಲ್ಲಿ ಅಡಿಗೆಯವಳೂ ಬಡಿಸುವವಳೂ ಮನೆಯೊಡತಿಯೂ ತಾನೊಬ್ಬಳೇ ಆಗಿರುವ ಗೃಹಿಣಿಯು ಅತಿಥಿಗಳನ್ನು ಹ್ಯಾಗೆ ಉಪಚರಿಸಬೇಕೆಂಬದನ್ನು ಸೇರಿಸಿದಳು. ಇದನ್ನು ಓದಿದಾಗ ನನಗೆ ನಮ್ಮ ಊರಿನ ಎಲ್ಲಾ ತಾಯಂದಿರ ನೆನಪಾಯಿತು.

ಮೇಜಿನ ನಿಯಮಗಳು ಕೇಳುವಷ್ಟು ಕಷ್ಟವಾದವುಗಳಲ್ಲ. ತಟ್ಟೆಯ ಎರಡು ಕಡೆಗಳಲ್ಲಿ ಚಮಚ ಚಾಕುಗಳು ಸಾಲಾಗಿದ್ದರೆ ಎಲ್ಲಕ್ಕಿಂತ ಹೊರಗಿನದನ್ನು ಮೊದಲು ಎತ್ತಬೇಕು. ಒಂದೊಂದು ಬಗೆಯ ಊಟ ಮುಗಿದಂತೆ ಒಳಗಿನದಕ್ಕೆ ಬರಬೇಕು. ಚೌಕದ ಬಟ್ಟೆಯು ಮಡಿಲಿಗೆ. ಮನೆಯೊಡತಿಯು ತಿನ್ನುವದಕ್ಕೆ ಆರಂಭಿಸುವ ವರೆಗೆ ಕಾಯಬೇಕು. ತಿಳಿಯದಿದ್ದರೆ ಆಕೆಯು ಎತ್ತಿದ್ದನ್ನೇ ಎತ್ತಬೇಕು. ಎಡಗಡೆಯವರ ಸಂಗಡವೂ ಬಲಗಡೆಯವರ ಸಂಗಡವೂ ಮಾತಾಡಬೇಕು. ಬೆಲೆಯ ಮಾತು ಎತ್ತಬಾರದು. ಮನೆಗೆ ಮುಟ್ಟಿದ ಮೇಲೆ ಉಪಕಾರಸ್ತುತಿಯ ಪತ್ರವನ್ನು ಸ್ವಂತ ಕೈಯಿಂದ ಬರೆಯಬೇಕು. ಹಳೆಯ ಮನೆತನಗಳಲ್ಲಿ ಚಿಕ್ಕ ಮಕ್ಕಳನ್ನೂ ಕ್ರಿಸ್ಮಸ್ ಮುಗಿದೊಡನೆ ಕೂರಿಸಿ, ಬಹುಮಾನ ಕಳುಹಿಸಿದ ಅತ್ತೆ ಮಾವಂದಿರಿಗೆಲ್ಲಾ ಪತ್ರ ಬರೆಯಿಸುತ್ತಿದ್ದರು. ಈ ಒಂದು ಪದ್ಧತಿಯು ನಮ್ಮಲ್ಲಿಗೂ ಬಂದರೆ ನನಗೆ ಬಹಳ ಸಂತೋಷ.

ಇಷ್ಟನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದಾದರೆ, ಅವರ ಆ ನಿರಾತಂಕವು ಎಲ್ಲಿಂದ ಬಂತು? ಹುಟ್ಟಿದಂದಿನಿಂದ ಅದೇ ಮೇಜಿನಲ್ಲಿ ಕೂತದ್ದರಿಂದಲೇ ಬಂತು. ನೀನು ಯಾರೆಂದು ಅವರನ್ನು ಯಾರೂ ಎಂದೂ ಕೇಳಿದ್ದಿಲ್ಲ. ಅದು ಅಭ್ಯಾಸವೇ ಹೊರತು ಗುಣವಲ್ಲ. ಅವರಲ್ಲೊಬ್ಬನನ್ನು ಕರತಂದು ನಮ್ಮ ಸುಗ್ಗಿಯ ಊಟದಲ್ಲಿ ಪಂಕ್ತಿಯಲ್ಲಿ ಕೂರಿಸಿದರೆ, ರೊಟ್ಟಿಯನ್ನು ಮುರಿಯುವದು ಹ್ಯಾಗೆ, ಎಲೆಯ ಮುಂದಿನಿಂದ ಏಳುವದು ಯಾವಾಗ ಎಂದು ಅವನು ಪಕ್ಕದವನ ಮುಖವನ್ನೇ ನೋಡುವನು.

ಅವರಲ್ಲಿಯೂ ಈ ಧೈರ್ಯವು ಗಟ್ಟಿಯಾಗಿರಲಿಲ್ಲವೆಂಬದಕ್ಕೆ ನ್ಯೂಯಾರ್ಕಿನ ಆಸ್ಟರ್ ದೊರೆಸಾನಿಯ ಸಂಗತಿಯು ಸಾಕ್ಷಿ. ಪ್ರತಿ ವರುಷ ಜನವರಿಯಲ್ಲಿ ಆಕೆಯು ಮಾಡುತ್ತಿದ್ದ ನೃತ್ಯಸಭೆಗೆ ಕರೆ ಬಂದವರು ಮಾತ್ರ ಪಟ್ಟಣದಲ್ಲಿ ಗಣ್ಯರು. ಆಕೆಯ ಸಲಹೆಗಾರನಾದ ವಾರ್ಡ್ ಮೆಕ್ಯಾಲಿಸ್ಟರ್ ಎಂಬವನು 1888ರಲ್ಲಿ ಪತ್ರಿಕೆಯವರ ಮುಂದೆ, ಇಡೀ ಪಟ್ಟಣದಲ್ಲಿ ಅಂಥವರು ಸುಮಾರು 400 ಮಂದಿ ಮಾತ್ರವೆಂದೂ, ಆ ಸಂಖ್ಯೆಯನ್ನು ದಾಟಿದರೆ ನೃತ್ಯಶಾಲೆಯಲ್ಲಿ ತಾವೂ ಸಮಾಧಾನವಾಗಿ ಇರಲಾರದ, ಇತರರನ್ನೂ ಇರಗೊಡದ ಜನರು ಸಿಕ್ಕುವರೆಂದೂ ಹೇಳಿದನು. 1892ರ ಫೆಬ್ರವರಿಯಲ್ಲಿ ಅವನು ಹೆಸರುಗಳ ಪಟ್ಟಿಯನ್ನು ಅಚ್ಚಿಗೆ ಕೊಟ್ಟಾಗ ಎಣಿಸಿದವರಿಗೆ 400 ತುಂಬಲಿಲ್ಲ! ಇದಕ್ಕಿಂತ ಮುಂಚೆ, 1883ರಲ್ಲಿ, ಹೊಸ ಹಣದ ವ್ಯಾಂಡರ್‌ಬಿಲ್ಟರ ಮನೆಯಲ್ಲಿ ಒಂದು ಮಹಾ ನೃತ್ಯಸಭೆಯು ಏರ್ಪಟ್ಟಿತು. ಆಸ್ಟರ್ ದೊರೆಸಾನಿಯು ಅವರನ್ನು ಅದುವರೆಗೆ ಭೇಟಿಮಾಡಿದ್ದಿಲ್ಲವಾದಕಾರಣ ಆಕೆಯ ಮಗಳಿಗೆ ಕರೆ ಬರಲಿಲ್ಲವೆಂದೂ, ಮಗಳ ದುಃಖವನ್ನು ನೋಡಲಾರದೆ ಆಕೆಯು ಅವರ ಬಾಗಲಿಗೆ ತನ್ನ ಹೆಸರಿನ ಚೀಟಿಯನ್ನು ಕಳುಹಿಸಿದಳೆಂದೂ ಹೇಳುವರು. ಬೇಲಿಯನ್ನು ಹಾಕಿದವರಿಗೂ ಬೇಲಿಯ ಭಯ ತಪ್ಪಲಿಲ್ಲ.

ನಾನು ಓದಿದ್ದರಲ್ಲಿ ಅತ್ಯಂತ ಮೆಚ್ಚಿದ ಸಂಗತಿಯು ಇನ್ನು ಬರುತ್ತದೆ. ಅದೇ ನ್ಯೂಯಾರ್ಕಿನಲ್ಲಿ ದೊಡ್ಡ ಅಂಗಡಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವ ಹುಡುಗಿಯರು ಕ್ರಿಸ್ಮಸ್ ಬಂತೆಂದರೆ ನಡುಗುತ್ತಿದ್ದರು. ಯಾಕಂದರೆ ತಮ್ಮ ಮೇಲ್ವಿಚಾರಕರಿಗೆ ಬೆಲೆಯುಳ್ಳ ಬಹುಮಾನ ಕೊಡಬೇಕೆಂಬ ವಾಡಿಕೆಯಿತ್ತು. ಕೊಡದಿದ್ದರೆ ಮುಂದಿನ ವರುಷ ಕೆಲಸದಲ್ಲಿ ಕಿರುಕುಳವಾದೀತೆಂಬ ಅಂಜಿಕೆ. ಬೇಸಿಗೆಯಲ್ಲಿ ಕೆಲವು ದಿವಸ ವಿಶ್ರಾಂತಿ ತಕ್ಕೊಳ್ಳುವದಕ್ಕಾಗಿ ವಾರವಾರವೂ ಚೂರುಚೂರಾಗಿ ಕೂಡಿಸಿದ ಹಣವು ಈ ಬಹುಮಾನಗಳಿಗೆ ಹೋಗುತ್ತಿತ್ತು. ಆ ಉಳಿತಾಯದ ನಿಧಿಯನ್ನು ನಡಿಸುತ್ತಿದ್ದವರಲ್ಲಿ ಜೆ. ಪಿ. ಮಾರ್ಗನ್ ಎಂಬ ಮಹಾ ಸಾಹುಕಾರನ ಮಗಳಾದ ಆನ್ ಮಾರ್ಗನ್ ಒಬ್ಬಳು. ಆಕೆಯೂ, ಮೊದಲು ನಾಟಕದಲ್ಲಿ ನಟಿಯಾಗಿದ್ದು ಸಿರಿವಂತರ ಮನೆಗೆ ಮದುವೆಯಾಗಿ ಬಂದ ಎಲೆನರ್ ಬೆಲ್ಮಾಂಟಳೂ ಆ ದುಡಿಯುವ ಹುಡುಗಿಯರ ಸಂಗಡ ಕೂಡಿ, 1912ರಲ್ಲಿ, ನಿರರ್ಥಕವಾಗಿ ಬಹುಮಾನ ಕೊಡುವದನ್ನು ತಡೆಯುವ ಸಂಘವೆಂಬ ಹೆಸರಿನ ಒಂದು ಸಂಘವನ್ನು ಸ್ಥಾಪಿಸಿದರು. ಆ ದೇಶದ ಮಾಜಿ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟನೂ ಆ ವರುಷವೇ ಅದಕ್ಕೆ ಸೇರಿದನು. ಭಯದಿಂದ ಕೊಡುವದು ಬೇಡ, ಪ್ರೀತಿಯಿದ್ದಲ್ಲಿ ಕೊಡಿರಿ ಎಂಬದು ಅವರ ಹಟ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಸಂಘವು ಮರೆಯಾಯಿತು. ಆದರೂ ಸಾಹುಕಾರನ ಮಗಳೊಬ್ಬಳು ತನ್ನ ಮೇಜಿನ ಮರ್ಯಾದೆಯನ್ನು ಬಿಟ್ಟು, ಅಂಗಡಿಯ ಹುಡುಗಿಯ ಹಣದ ಚೀಲದಲ್ಲಿ ಏನು ಉಳಿಯಿತೆಂದು ನೋಡಿದ್ದನ್ನು ನಾನು ನಿಜವಾದ ದೊಡ್ಡಸ್ತಿಕೆಯೆಂದು ಎಣಿಸುತ್ತೇನೆ.

ಇಷ್ಟು ಬರೆದ ಮೇಲೆ ನನ್ನ ಮನಸ್ಸು ನನ್ನನ್ನೇ ಚುಚ್ಚುತ್ತದೆ. ಚಿನ್ನದ ಉಂಗುರದವನಿಗೆ ಒಳ್ಳೇ ಸ್ಥಳವನ್ನೂ ಬಡವನಿಗೆ ಕಾಲ್ಮಣೆಯ ಹತ್ತಿರದ ಸ್ಥಳವನ್ನೂ ಕೊಡುವದರ ವಿಷಯವಾಗಿ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಇರುವದನ್ನು ನಾನು ಎಷ್ಟೋ ಸಾರಿ ಬೋಧಿಸಿದ್ದೇನೆ. ಹೋದ ವರುಷದ ಕ್ರಿಸ್ಮಸ್ ಊಟದಲ್ಲಿ ಪಟ್ಟಣದಿಂದ ಬಂದ ಇಬ್ಬರು ನೌಕರಸ್ಥರಿಗೆ ಜಾಗ ಮಾಡುವದಕ್ಕೋಸ್ಕರ, ಮುಂದಿನ ಚಾಪೆಯಲ್ಲಿ ಕೂತಿದ್ದ ಒಬ್ಬ ಮುದುಕಿಯನ್ನು, ಅಮ್ಮಾ ಸ್ವಲ್ಪ ಹಿಂದಕ್ಕೆ ಸರಿಯಿರಿ ಎಂದವನು ನಾನೇ. ಆಕೆಯು ಏನೂ ಅನ್ನದೆ ಸರಿದಳು. ಆ ನೌಕರಸ್ಥರು ಚಾಪೆಯ ಮೇಲೆ ಕೂಡ್ರುವವರೂ ಅಲ್ಲ. ಅವರಿಗೆ ಕುರ್ಚಿಗಳನ್ನು ತರಿಸಿದೆವು. ಈ ವರುಷ ಊಟಕ್ಕೆ ಕುರ್ಚಿಗಳನ್ನೇ ತರಬಾರದೆಂದು ಹಿರಿಯರ ಕೂಟದಲ್ಲಿ ಹೇಳಿದ್ದೇನೆ. ಮೊಣಕಾಲು ನೋವಿನವರಿಗೆ ಮಾತ್ರ ಎರಡು ಇರಲಿ ಎಂದು ತೀರ್ಮಾನವಾಗಿದೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: “ತಮ್ಮಾ, ಒಗೆದು ಇಸ್ತ್ರಿಮಾಡಿದ ನಿನ್ನ ಬಿಳೀ ಅಂಗಿಯೇ ಸಾಕು. ಹೇಳಿದ ಹೊತ್ತಿಗೆ ಹೋಗು. ಒಳಗೆ ಕಾಲಿಟ್ಟೊಡನೆ ಮನೆಯ ಹಿರಿಯರಿಗೆ ಮೊದಲು ನಮಸ್ಕಾರ ಮಾಡು. ಉಡುಪಿನ ವಿಷಯವಾಗಿ ಕ್ಷಮೆ ಕೇಳಬೇಡ. ಕೇಳಿದರೆ ಅವರು ನಿನ್ನನ್ನು ಸಮಾಧಾನಪಡಿಸುವ ಕೆಲಸಕ್ಕೆ ಬೀಳುವರು. ಚಮಚದ ವಿಷಯ ತಿಳಿಯದಿದ್ದರೆ ನಕ್ಕು ಕೇಳು. ಬಡಿಸಿದ ಆಳಿಗೂ ಉಪಕಾರ ಹೇಳು. ತಾಯಿಯು ಹಬ್ಬಕ್ಕೆ ಮಾಡಿದ ಕರ್ಜಿಕಾಯಿ ಚಕ್ಕುಲಿಗಳನ್ನು ಒಂದು ಡಬ್ಬಿಯಲ್ಲಿ ತಕ್ಕೊಂಡು ಹೋಗು. ನಮ್ಮ ಮನೆಗೆ ಬಂದವರಿಗೆ ಬೆಲ್ಲವನ್ನೂ ನೀರನ್ನೂ ಕೊಡುವಾಗ ನೀನು ಹ್ಯಾಗೆ ನಿಲ್ಲುವೆಯೋ ಅಲ್ಲಿಯೂ ಹಾಗೆಯೇ ನಿಲ್ಲು.”

ಅವನು ಒಪ್ಪಿದನು, ಆದರೆ ಪೂರ್ಣ ಮನಸ್ಸಿನಿಂದ ಒಪ್ಪಿದನೆಂದು ನಾನು ಹೇಳಲಾರೆನು. ಕೋಟಿನ ಬಟ್ಟೆಯನ್ನು ಅಂಗಡಿಯವನು ಹಿಂದಕ್ಕೆ ತಕ್ಕೊಳ್ಳಲಿಲ್ಲ. ಹೊಲಿಗೆಯ ಕೂಲಿಗೆಂದು ಇಟ್ಟಿದ್ದ ಹಣವನ್ನು ಬಡ್ಡಿಯವನಿಗೆ ಮರಳಿ ಕೊಟ್ಟಿದ್ದಾನೆ. ಉಳಿದದ್ದನ್ನು ಮೂರು ತಿಂಗಳ ಸಂಬಳದಿಂದ ತೀರಿಸುವನಂತೆ. ಬಟ್ಟೆಯನ್ನು ಅವನ ತಾಯಿಯು ನಮ್ಮ ಊರ ದರ್ಜಿಗೆ ಕೊಟ್ಟು, ಶಾಲೆಗೆ ಹೋಗುವ ಇಬ್ಬರು ತಮ್ಮಂದಿರಿಗೆ ಚಡ್ಡಿ ಹೊಲಿಸಿದ್ದಾಳೆ.